ಮಗಳ ಎಡಗೈಯ ಮೊರೆತ

ಆಪರೇಷನ್ ಆದ ಮರುದಿನ ಮಗಳ ಎಡಗೈ ಮೇಲೆ ಬೆರಳಿಟ್ಟವಳು ಬೆಚ್ಚಿ ಹಿಂದೆ ತೆಗೆದೆ. ಚರ್ಮದಡಿ ಜೇನುಹುಳು ಸಿಕ್ಕಿಬಿದ್ದಂತೆ ಮೊರೆಯುತ್ತಿತ್ತು.

“ಉಂಟಾ?” ಎಂದರು ನರ್ಸ್ ಲವೀನಾ.

“ಮುಂಜಾನೆನ ಉಂಡೇನ್ರಿ,” ಎಂದೆ.

ಅವರು ನಕ್ಕುಬಿಟ್ಟರು. “ಊಟ ಅಲ್ಲ ಮಾರಾಯ್ತಿ! ಕೈಯಲ್ಲಿ ಆ ಗುಂಯ್ ಉಂಟಾ ಅಂತ ಕೇಳಿದ್ದು. ದಿನಾ ಮುಟ್ಟಿ ನೋಡ್ಬೇಕು. ನಿಂತ್ರೆ ಕೂಡಲೇ ಬರ್ಬೇಕು, ನಾಳೆ ಅಂತ ಹೇಳ್ಬೇಡಿ.” ನಗು ಅಷ್ಟಕ್ಕೇ ನಿಂತಿತ್ತು.

ನಮ್ಮದು ಗಜೇಂದ್ರಗಡ. ಗಂಡ ಅಲ್ಲೇ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಹನ್ನೊಂದು ವರ್ಷದ ಮಗಳು ಸುನಂದಾಳ ಕಿಡ್ನಿಗಳು ಕೆಟ್ಟ ಮೇಲೆ, ಮಕ್ಕಳ ಡಯಾಲಿಸಿಸ್‌ಗೆಂದು ನಾನೂ ಅವಳೂ ಮಂಗಳೂರಿಗೆ ಬಂದು ಉರ್ವದ ಮಾರುಕಟ್ಟೆಯ ಹಿಂದೆ ಒಂದು ಕೋಣೆ ಹಿಡಿದೆವು. ಮನೆಯೊಡತಿ ಸ್ಟೆಲ್ಲಾಬಾಯಿ ಮೊದಲ ದಿನವೇ ಪ್ರೀತಿಯಿಂದ ಎಳನೀರು ತಂದರು. ಊರಲ್ಲಿ ಜ್ವರ ಬಂದವರಿಗೆ ಹುಡುಕಿ ತರುತ್ತಿದ್ದ ಎಳನೀರು ಸುನಂದಾಳ ಪಾಲಿಗೆ ವಿಷ. ಅದರಲ್ಲಿನ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು. ಅಂಗಳದ ತುಂಬ ತೆಂಗು, ನನ್ನ ಅಡುಗೆಯಲ್ಲಿ ಒಂದು ಚೂರು ಕಾಯಿಯಿಲ್ಲ.

ಮೊದಲು ಡಯಾಲಿಸಿಸ್‌ಗೆಂದು ಕತ್ತಿನ ರಕ್ತನಾಳಕ್ಕೆ ಪ್ಲಾಸ್ಟಿಕ್ ಕೊಳವೆ ಹಾಕಿದ್ದರು. ಅದಕ್ಕೆ ಸೋಂಕು ತಗುಲಿ ಮಗು ಮಂಚ ಅಲುಗುವಂತೆ ನಡುಗಿತು. “ಮಕ್ಕಳ ನಾಳ ಸಪೂರ. ಒಂದೊಂದೇ ಹಾಳಾದ್ರೆ ಮುಂದೆ ಚುಚ್ಚಲಿಕ್ಕೆ ಜಾಗವೇ ಇರುವುದಿಲ್ಲ,” ಎಂದರು ಡಾಕ್ಟರು. ಹಾಗಾಗಿ ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ; ಅದರಲ್ಲಿ ರಕ್ತ ರಭಸದಿಂದ ಹರಿಯುವುದೇ ಆ ಮೊರೆತ. ತಿಂಗಳುಗಳು ಕಳೆದು ಆ ನಾಳ ಉಬ್ಬಿ ಗಟ್ಟಿಯಾದಾಗ ಕತ್ತಿನ ಕೊಳವೆ ತೆಗೆದರು. ಕೊಳವೆಗೆ ನೀರು ತಾಗಬಾರದೆಂದು ಅಲ್ಲಿಯವರೆಗೆ ತಲೆಸ್ನಾನವಿರಲಿಲ್ಲ; ಸುನಂದಾ ಅಂದು ತಲೆಯ ಮೇಲೆ ನೀರು ಸುರಿದುಕೊಂಡು ಎಷ್ಟೋ ಹೊತ್ತು ಬಚ್ಚಲಿನಿಂದ ಹೊರಬರಲಿಲ್ಲ.

ಆ ಧೈರ್ಯದಲ್ಲೇ, ಎರಡು ಡಯಾಲಿಸಿಸ್‌ಗಳ ನಡುವಿನ ಬಿಡುವಿನಲ್ಲಿ, ಮೈದುನನ ಮದುವೆಗೆ ಊರಿಗೆ ಹೋದೆವು.

ನಾನು ಸ್ನಾನಕ್ಕೆ ಹೋದಾಗ ದೊಡ್ಡತ್ತೆ ಅವಳ ಎರಡೂ ಕೈಗೆ ಹಸಿರು ಬಳೆ ಒತ್ತಿ ಏರಿಸಿದ್ದರು. ಫಿಸ್ಟುಲಾ ಇರುವ ಕೈಯನ್ನು ಏನೂ ಒತ್ತಬಾರದು, ನಾಳ ಮುಚ್ಚಿಬಿಡಬಹುದು; ನಾನು ಚೀರಿದೆ. “ಮದುವಿ ಮನ್ಯಾಗ ಹುಡುಗಿ ಬರೇ ಕೈಲೆ ಇರಬಾರದವ್ವಾ. ಏನಾತೀಗ?” ದೊಡ್ಡತ್ತೆ ಕಕ್ಕಾಬಿಕ್ಕಿಯಾದರು. ಎಡಗೈಯ ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದೆ. ಶುಭಕಾರ್ಯದಲ್ಲಿ ಬಳೆ ಒಡೆದವಳೆಂದು ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಬೆರಳಿಟ್ಟೆ. ಏನೂ ಇಲ್ಲ. ಕಿವಿಯಿಟ್ಟೆ. ಸುನಂದಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಬಾಡಿಗೆ ಕಾರಿನಲ್ಲಿ ಮಂಗಳೂರಿನ ದಾರಿಯುದ್ದಕ್ಕೂ ಅವಳ ಕೈ ನನ್ನ ಮಡಿಲಲ್ಲಿ ಸುಮ್ಮನಿತ್ತು. ಆಸ್ಪತ್ರೆಯಲ್ಲಿ ಹೆಪ್ಪು ತೆಗೆದು, ಪುಟ್ಟ ಬಲೂನು ತೂರಿಸಿ ನಾಳ ಬಿಡಿಸಿದರು. ಮೊರೆತ ಮರಳಿತು, ಆದರೆ ತೆಳ್ಳಗೆ. “ಬಳೆಯಿಂದಲೇ ಅಂತ ಹೇಳ್ಲಿಕ್ಕಾಗುದಿಲ್ಲ. ನಾಳ ಒಳಗೇ ಕಿರಿದಾಗಿತ್ತು. ಇನ್ನೊಮ್ಮೆ ಮುಚ್ಚಿದ್ರೆ ಬಲಗೈ ನೋಡ್ಬೇಕು,” ಎಂದರು ಡಾಕ್ಟರು. ಬಲಗೈಯ ನಂತರ ಏನೆಂದು ಕೇಳುವ ಬದಲು ಅವಳ ಎಡಗೈ ಮೇಲೆ ಮತ್ತೆ ಬೆರಳಿಟ್ಟೆ.

ಮೊನ್ನೆ ಗಂಡನ ಫೋನು. “ಹಬ್ಬಕ್ಕ ಬರ್ರಿ. ಅವ್ವ ನೆನಸ್ತಾಳ.”

ಸುನಂದಾ ಫೋನು ಕಸಿದುಕೊಂಡಳು. “ಅಪ್ಪಾ, ಅಲ್ಲಿಗೆ ಬರ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ. ನೀವೇ ಬನ್ನಿ.”

ಇಲ್ಲಿಯವರಂತೆ ಮಾತಾಡುವ ಮಗಳ ದನಿಗೆ ಅವರು ತಬ್ಬಿಬ್ಬಾಗಿರಬೇಕು. “ಮತ್ತ ಮನಿಗೆ ಯಾವಾಗ ಬರ್ತೀರಿ?” ಎಂದು ನನ್ನನ್ನು ಕೇಳಿದರು.

“ಮನ್ಯಾಗ ಅದೇವಲ್ರೀ,” ಎಂದುಬಿಟ್ಟೆ.

ಮನೆ ಎಂದು ನಾನಂದದ್ದು ಉರ್ವದ ಈ ಕೋಣೆಯನ್ನು ಎಂಬುದು ಆಡಿದ ಮೇಲೆಯೇ ನನ್ನ ಕಿವಿಗೂ ಬಿತ್ತು.