ನೆಲಕ್ಕೆ ಮಗ್ಗಿ ಹೇಳುವ ಕಾಮಾಕ್ಷಮ್ಮ

"ಅಮ್ಮಾ, ಆ ಅಜ್ಜಿ ರೋಡ್‌ಗೆ ಟೇಬಲ್ಸ್ ಯಾಕೆ ಹೇಳ್ಕೊಡ್ತಿದ್ದಾರೆ?"

ಮನಸ್ವಿನಿ ಬಾಲ್ಕನಿಯ ಕಂಬಿಗೆ ಮೂಗು ಒತ್ತಿಕೊಂಡು ಕೆಳಗೆ ನೋಡುತ್ತಿದ್ದಳು. ಒಣಗಿದ ಬಟ್ಟೆ ಎತ್ತುತ್ತಿದ್ದ ಮಹಿಮಾ ಮಗಳ ಪಕ್ಕ ಬಂದು ಬಗ್ಗಿದಳು. ಅಹಮದಾಬಾದಿನ ಮೇ ತಿಂಗಳು. ಸೂರ್ಯ ಇಳಿದಿದ್ದರೂ ಗೋಡೆಗಳು ಇನ್ನೂ ಕಾವು ಕಾರುತ್ತಿದ್ದವು. ಕೆಳಗೆ, ಕಾರು ನಿಲ್ಲಿಸುವ ಜಾಗದ ಡಾಂಬರಿನ ಮೇಲೆ, ಮೂರನೇ ಮಹಡಿಯ ಕಾಮಾಕ್ಷಮ್ಮ ಚಪ್ಪಲಿ ಪಕ್ಕಕ್ಕೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಮಹಿಮಾಳ ಪಗ್ ನಾಯಿ ಗುಂಡನ ಹಗ್ಗ. ಗುಂಡ ಲಿಫ್ಟಿನ ಮುಂದಿನ ಕಲ್ಲುಮೆಟ್ಟಿಲ ಮೇಲೆ ಶಿಸ್ತಾಗಿ ಕುಳಿತು ಅವರ ಬಾಯನ್ನೇ ನೋಡುತ್ತಿದ್ದ. "ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು..." ಮಗ್ಗಿ ನೂರಾ ಎಪ್ಪತ್ತಕ್ಕೆ ಮುಟ್ಟಿತು. ಕಾಮಾಕ್ಷಮ್ಮ ಕೈಸನ್ನೆ ಮಾಡಿದರು. ಆಮೇಲೇ ಗುಂಡ ಕೆಳಗಿಳಿದ.

ಗುಂಡನನ್ನು ಬಿಡಲು ಕಾಮಾಕ್ಷಮ್ಮ ಮನೆಗೆ ಬಂದಾಗ ಮನಸ್ವಿನಿ ಅದೇ ಪ್ರಶ್ನೆಯನ್ನು ನೇರವಾಗಿ ಅವರಿಗೇ ಹಾಕಿದಳು. ಸಕ್ಕರೆಯಿಲ್ಲದ ಚಹಾ ಗುಟುಕರಿಸುತ್ತ ಅವರು ಹೇಳಿದರು: "ಗುಂಡಗ ಪಾಪ ಚಪ್ಪಲಿ ಇಲ್ಲಲ್ಲ. ಹಂಗಾಗಿ ನಾವರ ಬಿಚ್ಚಬೇಕು. ನಾ ನಿಂತು ಮಗ್ಗಿ ಮುಗಿಸಿದ್ರ ಅದೂ ನಿಲ್ಲಬಹುದು. ನನಗ ಸುಟ್ರ ಅದಕ್ಕೂ ಸುಡತದ."

"ಹದಿನೇಳರದ್ದೇ ಯಾಕೆ?"

"ಐದರದು ಲಗೂ ಮುಗೀತದ. ಹದಿನೇಳರಾಗ ಎಂಥಾವರೂ ತಡವರಸ್ತಾರ. ಅಷ್ಟೊತ್ತಿಗೆ ನೆಲದ ಖರೇ ಬಣ್ಣ ಗೊತ್ತಾಗತದ."

ಕಾಮಾಕ್ಷಮ್ಮನದು ಧಾರವಾಡ. ಮದುವೆಯಾಗಿ ವಡೋದರಾಕ್ಕೆ ಬಂದವರು, ಗಂಡ ಸುಬ್ಬರಾಯರು ಕೆಲಸ ಮಾಡುತ್ತಿದ್ದ ಸರ್ಕಾರಿ ಕಂಪನಿಯ ಕಾಲೊನಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಆ ಕಾಲೊನಿಯಲ್ಲಿ ಮೇ ಎಂದರೆ ವರ್ಗಾವಣೆಯ ತಿಂಗಳು. ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಲಾರಿಗಳು ಬರುತ್ತಿದ್ದವು. ಮಂಚ, ಬೀರು, ತುಳಸಿಯ ಕುಂಡ ಎಲ್ಲವೂ ಹತ್ತುತ್ತಿದ್ದವು. ಒಂದು ವರ್ಷ ಎದುರುಮನೆಯವರು ಸೂರತ್ತಿಗೆ ಹೋದಾಗ ಅವರ ನಾಯಿ ಮಾತ್ರ ಗೇಟಿಗೆ ಕಟ್ಟಿಹಾಕಿದಂತೆಯೇ ಉಳಿಯಿತು. ಈ ಬಿಸಿಲಿನಲ್ಲಿ ಹೇಗೆ ಒಯ್ಯುವುದು, ಮಳೆ ಬರಲಿ ಎಂದರಂತೆ. ಲಾರಿ ಹೋದ ದಿಕ್ಕಿಗೆ ಮುಖ ಮಾಡಿ ಕುಳಿತ ಆ ನಾಯಿ ಅನ್ನ ಮುಟ್ಟಲಿಲ್ಲ. "ಯಜಮಾನಗ ಆರ್ಡರ್ ಬಂದಮ್ಯಾಲ ನಾಯಿಗೂ ಬಂದಂಗ ಅಲ್ಲೇನ್ರಿ?" ಎಂದು ಕಾಮಾಕ್ಷಮ್ಮ ಗಂಡನನ್ನು ಎಬ್ಬಿಸಿ, ಎಸಿ ಇಲ್ಲದ ತಮ್ಮ ಪುಟ್ಟ ಕಾರಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಹೊರಟುಬಿಟ್ಟರು. ಸುಬ್ಬರಾಯರು ಕಾರು ನಡೆಸಿದರು. ಇವರು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ, ನಾಯಿಯ ಪಕ್ಕ, ನೆಲದ ಮೇಲೆ ಕುಳಿತರು.

ಅಂದಿನಿಂದ ಅದೇ ಅವರ ಜಾಗ. ಗಂಡ ಹೋದ ಮೇಲೆ ಅಹಮದಾಬಾದಿನ ಈ ಫ್ಲ್ಯಾಟಿಗೆ ಬಂದರೂ ನಾಯಿಗಳನ್ನು ಹೊಸ ಊರಿಗೆ ಮುಟ್ಟಿಸುವ ರೂಢಿ ನಿಲ್ಲಲಿಲ್ಲ. ಇಸ್ರೋದವರು, ಬ್ಯಾಂಕಿನವರು, ಎಣ್ಣೆ ಕಂಪನಿಯವರು, ಯಾರಿಗೆ ಬೇಸಿಗೆಯಲ್ಲಿ ಊರು ಬದಲಾದರೂ ಕನ್ನಡದವರ ಬಾಯಿಂದ ಬಾಯಿಗೆ ಅವರ ಹೆಸರು ಹೋಗುತ್ತಿತ್ತು. ಅವರು ಕೇಳುತ್ತಿದ್ದುದು ಒಂದೇ: ಮನೆಯವರೊಬ್ಬರು ಜೊತೆಗಿರಬೇಕು. "ನಾ ಕೆಳಗ ಕೂಡೂದು ಯಾಕಂದ್ರ, ಮ್ಯಾಲ ಕೂತವರಿಗೆ ತಂಪಿದ್ರ ಕೆಳಗಿನವರಿಗೂ ಅದ ಅಂತ ಹೆಂಗ ಹೇಳೂದು?"

ಈ ಸಲ ಆರ್ಡರ್ ಬಂದದ್ದು ಮಹಿಮಾಳ ಗಂಡ ಯಶವಂತನಿಗೆ, ಸೂರತ್ತಿಗೆ. ಅವನು ಸಾಮಾನಿನ ಲಾರಿಯೊಂದಿಗೆ ಮುಂದೆ ಹೋಗಿದ್ದ. ಪಗ್‌ಗಳ ಮೂಗು ಚಪ್ಪಟೆ, ಉಸಿರಾಟವೇ ಕಷ್ಟ, ಬಿಸಿಲಿನಲ್ಲಿ ಜೋಪಾನ ಎಂದು ಡಾಕ್ಟರು ಎಚ್ಚರಿಸಿದ್ದರು. ಗುಂಡನಿಗೆ ವಯಸ್ಸೂ ಆಗಿತ್ತು. ಮನಸ್ವಿನಿ ಹುಟ್ಟಿ ಆಸ್ಪತ್ರೆಯಿಂದ ಬಂದ ದಿನ ತೊಟ್ಟಿಲ ಕೆಳಗೆ ಮಲಗಿದವನು ಇವತ್ತಿಗೂ ಅವಳ ಮಂಚದ ಕೆಳಗೇ ಮಲಗುತ್ತಿದ್ದ. ಅವನನ್ನು ಜೀವಂತ ಸೂರತ್ತಿಗೆ ಮುಟ್ಟಿಸಬೇಕು. ಮಹಿಮಾಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಒಂದು ವಾರ ಕಾಮಾಕ್ಷಮ್ಮ ಗುಂಡನನ್ನು ನಿಂತ ಕಾರಿನಲ್ಲಿ ಕೂರಿಸಿ ರೂಢಿ ಮಾಡಿಸಿದರು. ಹೊರಡುವ ದಿನ ನಸುಕಿನಲ್ಲೇ ಬಂದರು. ಕೈಯಲ್ಲಿ ನೀರಿನ ಮಣ್ಣಿನ ಹೂಜಿ, ಹಳೇ ಕಾಟನ್ ಸೀರೆಯಲ್ಲಿ ಸುತ್ತಿದ ಮಂಜುಗಡ್ಡೆಯ ಬಾಟಲಿಗಳು. ಬೆಳಿಗ್ಗೆ ಗುಂಡನಿಗೆ ಊಟ ಕೊಡಬಾರದೆಂದು ಮೊದಲೇ ಹೇಳಿದ್ದರು. ಅವನ ಎದೆಪಟ್ಟಿಯನ್ನು ಸೀಟಿನ ಬೆಲ್ಟಿಗೆ ಸಿಕ್ಕಿಸಿ, ತಾವು ಅವನ ಕಾಲ ಬಳಿ ನೆಲಕ್ಕೆ ಕುಳಿತರು. ಮನಸ್ವಿನಿ ಪಕ್ಕದ ಸೀಟಿನಲ್ಲಿ.

"ಆಂಟಿ, ಮೇಲೆ ಕೂತ್ಕೊಳ್ಳಿ, ಸೊಂಟ ಹಿಡಿಯುತ್ತೆ" ಎಂದಳು ಮಹಿಮಾ.

"ನನ್ನ ಸೊಂಟದ ಸುದ್ದಿ ಬಿಡು. ನೀ ಗಾಡಿ ಹೊಡಿ."

ವಡೋದರಾ ದಾಟುವವರೆಗೆ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಚಹಾಕ್ಕೆಂದು ನಿಂತಾಗಲೂ ಕಾರಿನಲ್ಲಿ ಯಾರಾದರೊಬ್ಬರು ಇದ್ದೇ ಇರಬೇಕು; ಮಹಿಮಾ ಇಳಿದರೆ ಕಾಮಾಕ್ಷಮ್ಮ ಒಳಗೆ, ಕಾಮಾಕ್ಷಮ್ಮ ಇಳಿದರೆ ಮಹಿಮಾ ಒಳಗೆ. ಆದರೆ ಭರೂಚ್ ಹತ್ತಿರ, ನರ್ಮದೆಯ ಸೇತುವೆಗೆ ಇನ್ನೂ ದೂರವಿರುವಾಗಲೇ, ಲಾರಿಗಳು ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ಮುಂದೆಲ್ಲೋ ಟ್ರೇಲರ್ ಒಂದು ಅಡ್ಡ ತಿರುಗಿತ್ತಂತೆ. ಬಿಸಿಲು ಏರಿತು. ಇಂಜಿನ್ನಿನ ಮುಳ್ಳು ಕೆಂಪಿನ ಕಡೆ ವಾಲಿದ್ದು ನೋಡಿ ಮಹಿಮಾ ಎಸಿ ಆರಿಸಿದಳು, ಆಮೇಲೆ ಇಂಜಿನ್ನನ್ನೂ. ಕಿಟಕಿ ಇಳಿಸಿದರೆ ಒಳಬಂದದ್ದು ಲಾರಿಗಳ ಉಸಿರು.

ಗುಂಡ ಏದುಸಿರು ಬಿಡತೊಡಗಿದ. ನಾಲಿಗೆ ಅಗಲವಾಗಿ ಹೊರಬಿತ್ತು, ಜೊಲ್ಲು ಅಂಟಂಟಾಯಿತು. ಮಹಿಮಾ ಗಾಬರಿಯಿಂದ ಟವೆಲ್ಲನ್ನು ಹೂಜಿಯ ನೀರಿನಲ್ಲಿ ಅದ್ದಿ ಅವನ ಬೆನ್ನಿಗೆ ಹೊದಿಸಿದಳು. ಅಮ್ಮನ ಮನೆಯಲ್ಲಿ ಮಜ್ಜಿಗೆಯ ಮಡಕೆಗೆ ಬೇಸಿಗೆಯಿಡೀ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಕೈ ತಾನಾಗಿ ಅದನ್ನೇ ಮಾಡಿತ್ತು. ಕಾಮಾಕ್ಷಮ್ಮ ಅದನ್ನು ಎಳೆದು ತೆಗೆದರು.

"ಗಾಳಿ ಇದ್ರ ಒದ್ದಿ ಬಟ್ಟಿ ತಂಪು ತಂಗಿ. ಇಲ್ಲೆ ಗಾಳಿ ಎಲ್ಲದ? ಈಗ ಅದು ಕಂಬಳಿ."

ಅವರು ಗುಂಡನ ಹೊಟ್ಟೆ, ತೊಡೆಯ ಸಂದು, ಪಾದದ ಮೆತ್ತೆಗಳಿಗೆ ನೀರು ಸವರಿ, ಮನಸ್ವಿನಿಯ ಬಣ್ಣದ ಪುಸ್ತಕದಿಂದ ಗಾಳಿ ಹಾಕಿದರು. ಬೆರಳಿನಿಂದ ಅವನ ತುಟಿ ಎತ್ತಿ ನೋಡಿದರು. ಒಸಡು ಕಡುಗೆಂಪಾಗಿತ್ತು. ಅವರ ಮುಖದ ನಗು ಹೋಯಿತು.

"ಇವಗ ತಣ್ಣನ ಗಾಡಿ ಬೇಕು. ಈಗಲೇ."

ಪಕ್ಕದ ಸಾಲಿನಲ್ಲಿ ಬಿಳಿಯ ದೊಡ್ಡ ಕಾರೊಂದು ಗಾಜು ಏರಿಸಿ, ಎಸಿ ಹಾಕಿಕೊಂಡು ನಿಂತಿತ್ತು. ಕಾಮಾಕ್ಷಮ್ಮ ಇಳಿದು ಅದರ ಗಾಜು ತಟ್ಟಿದರು. ಒಳಗೆ ಗುಜರಾತಿ ಕುಟುಂಬ. ಸೂರತ್ತಿನ ಕತಾರ್‌ಗಾಮ್‌ನ ಮನೋಜ್‌ಭಾಯಿ, ಹೆಂಡತಿ, ಹಿಂದಿನ ಸೀಟಿನಲ್ಲಿ ಅವನ ಮುದಿ ತಾಯಿ; ಗುಜರಾತಿಯಲ್ಲಿ ಅಮ್ಮ ಎಂದರೆ ‘ಬಾ’. ನಾಯಿ ಎಂದದ್ದೇ ಬಾ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡರು.

"ಕಚ್ಚುತ್ತಾ?"

"ಬಾ, ಅದರ ಬಾಯಲ್ಲಿ ಉಳಿದಿರೋದೇ ನಾಲ್ಕು ಹಲ್ಲು. ನನಗೆ ಅಷ್ಟೂ ಇಲ್ಲ. ನಮ್ಮಿಬ್ಬರಿಗೂ ನೀವು ಹೆದರಬೇಕಾಗಿಲ್ಲ" ಎಂದರು ಕಾಮಾಕ್ಷಮ್ಮ ಧಾರವಾಡದ ಎಳೆತವಿರುವ ಗುಜರಾತಿಯಲ್ಲಿ. "ನಿಮ್ಮ ಸೀಟು ಬೇಡ. ನಿಮ್ಮ ಕಾಲ ಕೆಳಗಿನ ಜಾಗ ಕೊಡಿ, ಸಾಕು."

ಬಾ ಮಗನ ಮುಖ ನೋಡಿದರು, ಮತ್ತೆ ಈ ಕಡೆ ಏದುಸಿರು ಬಿಡುತ್ತಿದ್ದ ಗುಂಡನನ್ನು ನೋಡಿದರು. "ಕೂರಿಸು, ಬೇಗ ಕೂರಿಸು" ಎಂದರು.

ಕಾಮಾಕ್ಷಮ್ಮ ಮರಳಿ ಬಂದು, ಅಂಥ ಹೊತ್ತಿನಲ್ಲೂ ಬಿಡದೆ, ಚಪ್ಪಲಿ ಬಿಚ್ಚಿ ಡಾಂಬರಿನ ಮೇಲೆ ನಿಂತರು. ಹದಿನೇಳರ ಮಗ್ಗಿ ಅವಸರದಲ್ಲೇ ಆದರೂ ಪೂರ್ತಿ ಹೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಡ್ಡಿ ಇಲ್ಲ, ಇಳಸು. ಎರಡು ಹೆಜ್ಜಿ ಅಷ್ಟ."

ಮಹಿಮಾ ಗುಂಡನ ಬೆಲ್ಟು ಬಿಚ್ಚುವಷ್ಟರಲ್ಲಿ, ಅಜ್ಜಿಯನ್ನು ನೋಡಿ ತಾನೂ ಚಪ್ಪಲಿ ಕಳಚಿದ್ದ ಮನಸ್ವಿನಿ ಮೊದಲು ಕೆಳಗೆ ಜಿಗಿದಳು. ಕಿಟಾರನೆ ಕಿರುಚಿ ಅಜ್ಜಿಯ ಚಪ್ಪಲಿಗಳ ಮೇಲೆ ಹಾರಿ ನಿಂತಳು. "ಸುಡ್ತಿದೆ! ಅಜ್ಜಿ, ಬಹುತ್ ಗರಮ್!"

ಕಾಮಾಕ್ಷಮ್ಮ ಮಗುವಿನ ಕೆಂಪಗಾದ ಅಂಗಾಲು ನೋಡಿದರು. ಆಮೇಲೆ ತಮ್ಮ ಪಾದಗಳನ್ನು, ಯಾರದೋ ಪಾದಗಳೆಂಬಂತೆ, ನೋಡಿಕೊಂಡರು. ಒಂದು ಕ್ಷಣ ಅಷ್ಟೇ. "ನಿನ್ನ ಮಗಳನ್ನ ಎತ್ತಿಕೋ" ಎಂದವರು, ಗುಂಡನನ್ನು ತಾವೇ ಎರಡೂ ತೋಳಲ್ಲಿ ಬಾಚಿಕೊಂಡು, ಬರಿಗಾಲಲ್ಲೇ, ಹುಲ್ಲಿನ ಮೇಲೆ ನಡೆದಂತೆ ಆ ಬೆಂಕಿಯ ಮೇಲೆ ನಡೆದು ಹೋದರು. ಮಗಳನ್ನು ಎದೆಗವಚಿಕೊಂಡು ಮಹಿಮಾ ನೋಡಿದಳು. ಅರವತ್ತು ದಾಟಿದ ಹೆಂಗಸು, ತನ್ನದಲ್ಲದ ನಾಯಿ. ದೇವರ ಮುಂದೆ ಕೊಂಡ ಹಾಯುವವರನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಅವರಿಗೆ ಡೊಳ್ಳಿತ್ತು, ಜನರಿದ್ದರು. ಇಲ್ಲಿ ಲಾರಿಗಳ ಹಾರ್ನ್ ಬಿಟ್ಟರೆ ಏನೂ ಇರಲಿಲ್ಲ.

ಬಿಳಿ ಕಾರಿನ ಬಾಗಿಲು ಮುಚ್ಚಿತು. ಮುಂದಿನದನ್ನೆಲ್ಲ ಮಹಿಮಾ ಗಾಜಿನಾಚೆಯ ಮೂಕಾಟದಂತೆ ನೋಡಿದಳು. ಕಾಮಾಕ್ಷಮ್ಮ ನೆಲದಲ್ಲಿ ಮುಳುಗಿ ಅವರ ಬಿಳಿಯ ತುರುಬು ಮಾತ್ರ ಕಾಣುತ್ತಿತ್ತು. ಮನೋಜ್‌ಭಾಯಿಯ ಹೆಂಡತಿ ಎಸಿಯ ಕಿಂಡಿಗಳನ್ನು ಹಿಂದಕ್ಕೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಬಾ ಒಂದು ಕಾಲು ಕೆಳಗಿಳಿಸಿದರು. ಮತ್ತಷ್ಟು ಹೊತ್ತಿಗೆ ಇನ್ನೊಂದು. ಕೊನೆಗೆ ಚೀಲದಿಂದ ಯಾರದೋ ಮದುವೆಯ ಕರೆಯೋಲೆ ತೆಗೆದು, ಬಗ್ಗಿ, ಗಾಳಿ ಬೀಸತೊಡಗಿದರು. ಹುಟ್ಟಿದಾರಭ್ಯ ನಾಯಿಗೆ ಹೆದರಿದ ಮುದುಕಿ, ಕೈ ಸೋತರೆ ಕೈ ಬದಲಿಸಿ ಬೀಸುತ್ತಿದ್ದರು. ಮನಸ್ವಿನಿ ಅಮ್ಮನ ಕತ್ತು ಬಿಡದೆ ಕೇಳಿದಳು, "ಗುಂಡ ಟಾಟಾ ಮಾಡಲ್ಲ ಅಲ್ವಾ?" ಮಹಿಮಾ ಇಲ್ಲವೆಂದು ತಲೆಯಾಡಿಸಿದಳು.

ಆಗ ಬಾ ಗಾಜಿನ ಕಡೆ ತಿರುಗಿ, ತಮ್ಮ ಸೆರಗಿನ ತುದಿ ಎತ್ತಿ ತೋರಿಸಿದರು. ಗುಂಡ ಅದನ್ನು ನೆಕ್ಕಿ ಒದ್ದೆ ಮಾಡಿದ್ದ.

ಟ್ರೇಲರ್ ಸರಿದು ದಾರಿ ಬಿಟ್ಟಿತು. ತಣಿದ ಇಂಜಿನ್ ಮತ್ತೆ ಹೊತ್ತಿಕೊಂಡಿತು. ಬಿಳಿ ಕಾರಿನ ಹಿಂದೆಯೇ ಮಹಿಮಾ ನರ್ಮದೆಯನ್ನು ದಾಟಿದಳು. ಗುಂಡ ಬಾಲ ಅಲ್ಲಾಡಿಸುತ್ತಿದ್ದರೂ ಕಾಮಾಕ್ಷಮ್ಮ ಬಿಡಲಿಲ್ಲ. ಮನೋಜ್‌ಭಾಯಿಯನ್ನೇ ದಾರಿ ಕೇಳಿಕೊಂಡು ಕತಾರ್‌ಗಾಮ್‌ನ ಪಶುವೈದ್ಯರ ಹತ್ತಿರ ಒಯ್ಯಿಸಿದರು. "ಒಳಗಿನ ಬಿಸಿ ಹೊರಗ ಕಾಣೂದಿಲ್ಲ" ಎಂದರು. ಡಾಕ್ಟರು ನೋಡಿ, ಸೂಜಿ ಹಾಕಿ, ಸಮಯಕ್ಕೆ ತಣ್ಣಗಾದದ್ದಕ್ಕೆ ಉಳಿಯಿತು ಎಂದರು.

ಹೊಸ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಗುಡ್ಡ. ಯಶವಂತ ಗುಂಡನನ್ನು ತೊಡೆಯ ಮೇಲೆ ಹಾಕಿಕೊಂಡು ಫ್ಯಾನಿನ ಕೆಳಗೆ ಕುಳಿತಿದ್ದ. ಪಾತ್ರೆಯ ಪೆಟ್ಟಿಗೆಯೊಂದರ ಮೇಲೆ ಕಾಲು ನೀಡಿ ಒರಗಿದ್ದ ಕಾಮಾಕ್ಷಮ್ಮನಿಗೆ ಮಹಿಮಾ ಚಹಾ ತಂದಳು. ಲೋಟ ಕೈಯಲ್ಲೇ ಉಳಿಯಿತು. ಅವರ ಅಂಗಾಲುಗಳ ತುಂಬ ಬೊಕ್ಕೆ ಎದ್ದಿದ್ದವು.

"ಆಂಟಿ! ಉರೀತಿಲ್ವಾ?"

"ಅದ ಅಲ್ಲೇನು ತಂಗಿ ತ್ರಾಸು. ಉರಿಯವಲ್ದು." ಅವರು ತಮ್ಮ ಕಾಲನ್ನೇ ನೋಡುತ್ತ ಹೇಳಿದರು. "ಸಕ್ಕರಿ ಬ್ಯಾನಿ ಅದ ನೋಡು, ಕಾಲಿಗೆ ಸುದ್ದಿ ಮುಟ್ಟೂದು ಕಮ್ಮಿ ಆಗೇದ ಅಂದಿದ್ರು ಡಾಕ್ಟರು. ಇಷ್ಟು ಆಗೇದ ಅಂತ ಇವತ್ತ ನಿನ್ನ ಮಗಳಿಂದ ಗೊತ್ತಾತು. ಅಕಿ ಜಿಗೀಲಾರದ ಇದ್ದಿದ್ರ ನಾ ಇವನ್ನ ಆ ನೆಲದ ಮ್ಯಾಲ ನಡಸತಿದ್ದೆ."

ಮಹಿಮಾ ಬಕೆಟ್ಟಿನಲ್ಲಿ ತಣ್ಣೀರು ತಂದು ಅವರ ಎದುರು ಕುಳಿತು, ಪಾದಗಳನ್ನು ಒಂದೊಂದಾಗಿ ಇಳಿಸಿದಳು. ಆಸ್ಪತ್ರೆಗೆ ಹೋಗೋಣ ಎಂದಳು. ಹೋಗೋಣ, ಚಹಾ ಕುಡಿದು ಎಂದರು ಅವರು. ಬಿಸಿಯೇ ತಿಳಿಯದ ಕಾಲುಗಳೊಂದಿಗೆ ಈ ಹೆಂಗಸು ಊರಿಂದೂರಿಗೆ ನಾಯಿಗಳ ಪಾದ ಕಾಯುತ್ತಿದ್ದರೆಂಬುದನ್ನು ನೆನೆದು ಮಹಿಮಾ ಆ ಪಾದಗಳ ಮೇಲೆ ಮತ್ತೊಂದು ಬೊಗಸೆ ನೀರು ಹಾಕಿದಳು. ಗುಂಡ ಯಶವಂತನ ತೊಡೆಯಿಂದಿಳಿದು ಬಂದು ಬಕೆಟ್ಟಿನ ಪಕ್ಕ ಮಲಗಿದ.

ಚಹಾ ಮುಗಿಸಿ ಕಾಮಾಕ್ಷಮ್ಮ ಲೋಟ ಕೆಳಗಿಟ್ಟರು.

"ಒಂದು ಮಾತು ಕೇಳತೀನಿ, ಇಲ್ಲ ಅನಬ್ಯಾಡ. ಇಲ್ಲೆ ಊರ ಹೊರಗ ಸಚಿನ್ ಅನ್ನೂ ಜಾಗದಾಗ ಕೃಪಾ ಅಂತ ಒಬ್ಬಾಕಿ ಇದ್ದಾಳ, ಅಕಿಗೆ ವಡೋದರಾಕ್ಕ ಆರ್ಡರ್ ಬಂದದ. ಮುದಿ ನಾಯಿ ಅದ, ಕಣ್ಣೂ ಕಾಣೂದಿಲ್ಲ. ಒಯ್ತೀನಿ ಅಂತ ಮಾತು ಕೊಟ್ಟೀನಿ."

"ಈ ಕಾಲಲ್ಲಾ, ಆಂಟಿ?"

"ಅದಕ್ಕ ಕೇಳಾಕತ್ತೀನಿ. ನನ್ನ ಕಾಲು ಇನ್ನ ಸುಳ್ಳು ಹೇಳತಾವ. ಜೋಡಿ ನೀ ಬಾ. ಕೆಳಗ ನಾ ಕೂಡತೀನಿ, ಮಗ್ಗೀನೂ ನಾನ ಹೇಳತೀನಿ. ನೆಲದ ಮ್ಯಾಲ ಮಾತ್ರ ನೀ ನಿಲ್ಲಬೇಕು."