ಜೋಳದ ದಂಟಿನಲ್ಲಿ ಮಲಗಿದ ಗಾಳಗಳು

ಮೀನು ಹಿಡಿಯುವ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲು ಏನು ಕಲಿಸುತ್ತಾರೆ? ಮೀನು ಹೆಚ್ಚುವುದು, ಹುಳಿ ಹಾಕಿ ಸಾರು ಮಾಡುವುದು ಎಂದು ನೀವು ಅಂದುಕೊಂಡಿರಬಹುದು. ನಮ್ಮ ಅತ್ತೆ ನನಗೆ ಮೊದಲು ಕಲಿಸಿದ್ದು ಗಾಳಗಳನ್ನು ಎತ್ತಿಡುವುದನ್ನು. "ಗಾಳ ಮೊದಲ ಮಲಗಬೇಕು, ಆಮ್ಯಾಲ ದಾರ ಮಲಗಬೇಕು, ಕಡೀಕ ನೀನು ಮಲಗು," ಅಂದರು. ಮದುವೆಯಾಗಿ ಮೂರು ದಿನವಾಗಿತ್ತು. ಇದೆಂಥ ಮನೆಗೆ ಕೊಟ್ಟರಪ್ಪ ನನ್ನನ್ನು ಎಂದು ನನಗೆ ಮೈಯೆಲ್ಲ ಉರಿಯಿತು. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಅಷ್ಟೇ ಎಂದು ಮೊಮ್ಮಕ್ಕಳು ಹೇಳುತ್ತಾರೆ, ಹೇಳಲಿ.

ನನ್ನ ತವರು ಗದ್ವಾಲ. ಗಂಡನ ಮನೆ ರಾಜೋಳಿಯ ಕಡೆ, ತುಂಗಭದ್ರೆಯ ದಂಡೆಯ ಮೇಲೆ. ನಮ್ಮ ದಂಡೆ ಹೈದರಾಬಾದ್ ಸಂಸ್ಥಾನ, ಆಚೆ ದಂಡೆ ಕರ್ನೂಲು ಸೀಮೆ. ಹಳಬರು ಅದನ್ನು ಇನ್ನೂ ಕುಂಪಣಿ ಸೀಮೆ ಎಂದೇ ಕರೆಯುತ್ತಿದ್ದರು. ನಡುವೆ ಹೊಳೆ. ಮೀನಿಗೆ ಯಾವ ಸರಕಾರವಾದರೇನು, ಎರಡೂ ಕಡೆ ಓಡಾಡಿಕೊಂಡಿರುತ್ತಿತ್ತು.

ಉದ್ದನೆಯ ಹುರಿಯೊಂದನ್ನು ನೀರಿನಲ್ಲಿ ಅಡ್ಡ ಕಟ್ಟಿ, ಅದಕ್ಕೆ ಮೊಳಕ್ಕೊಂದರಂತೆ ತುಂಡು ದಾರ ಇಳಿಬಿಡುತ್ತಿದ್ದರು. ಪ್ರತಿ ತುಂಡಿನ ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಗಾಳ. ಒಂದು ಹುರಿಗೆ ನಲವತ್ತು ಐವತ್ತು ಗಾಳ. ನೀರಿನಲ್ಲಿರುವಾಗ ಅವು ಸಾಧು. ಮೇಲೆ ತಂದು ಬುಟ್ಟಿಗೆ ಹಾಕಿದಿರೋ, ಜಗಳಗಂಟ ವಾರಗಿತ್ತಿಯರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಒಂದು ಇನ್ನೊಂದರ ಜುಟ್ಟು ಹಿಡಿಯುತ್ತದೆ, ಅದು ಮತ್ತೊಂದರದು. ನನ್ನ ಗಂಡ ತನ್ನ ಪಾಲಿನ ಗಾಳಗಳನ್ನು ಮೊಣಕೈಗೆ ಸುತ್ತಿ ಚೀಲಕ್ಕೆ ತುರುಕುತ್ತಿದ್ದರು. ಮರುದಿನ ಅರ್ಧ ಹೊತ್ತು ಅದನ್ನು ಬಿಡಿಸುತ್ತ, ಬೈಯುತ್ತ, ಬೆರಳು ಚುಚ್ಚಿಕೊಳ್ಳುತ್ತ ಕೂತಿರುತ್ತಿದ್ದರು.

ಅತ್ತೆಯ ದಾರಿ ಬೇರೆ. ಒಣಗಿದ ಜೋಳದ ದಂಟನ್ನು ಒಂದೂವರೆ ಮೊಳದುದ್ದ ಕತ್ತರಿಸಿ, ಮೇಲಿನ ಸಿಪ್ಪೆ ಸೀಳಿ, ಒಳಗಿನ ಬೆಂಡು ಕಾಣುವ ಹಾಗೆ ಮಾಡುತ್ತಿದ್ದರು. ಮೊದಲ ಗಾಳದ ಮೊನೆಯನ್ನು ಬೆಂಡಿಗೆ ಒತ್ತುವುದು. ಅದರ ದಾರವನ್ನು ದಂಟಿಗೆ ಸುತ್ತುವುದು, ಒಂದು ಸುತ್ತು ಇನ್ನೊಂದರ ಮೇಲೆ ಏರಬಾರದು. ದಾರದ ತುದಿಯ ಕುಣಿಕೆಯನ್ನು ಎರಡನೆಯ ಗಾಳಕ್ಕೆ ಸಿಕ್ಕಿಸಿ, ಮೂರು ಬೆರಳು ಬಿಟ್ಟು ಅದನ್ನು ಒತ್ತುವುದು. ಹೀಗೆ ದಂಟಿಗೆ ಹತ್ತು. ಕೊನೆಗೆ ಹೋದದ್ದು ಮೊದಲು ಹೊರಗೆ ಬರಬೇಕು. ದಾರ ಪೂರ್ತಿ ಒಣಗಿರಬೇಕು. ಸೆರಗಿನಿಂದ ಕಣ್ಣು ಕಟ್ಟಿ, "ಈಗ ಬಿಚ್ಚು," ಎನ್ನುತ್ತಿದ್ದರು. ಅವರು ತಾವೇ ಹಾಗೆ ಬಿಚ್ಚಿದಾಗ ಹತ್ತು ಗಾಳ ಹತ್ತು ಉಸಿರಿನಲ್ಲಿ ಹೊರಗೆ ಬರುತ್ತಿದ್ದವು. ಅಬ್ಬಾ, ಆ ಕೈ! ಓದು ಬರಹ ಕಂಡಿರದ ಆ ಒರಟು ಬೆರಳುಗಳಿಗೆ ಎಷ್ಟು ಬುದ್ಧಿ ಇತ್ತು.

ನಾನೂ ಏನು ಕಡಿಮೆ ಇರಲಿಲ್ಲ ಬಿಡಿ. ಗದ್ವಾಲದಲ್ಲಿ ಸೀರೆ ನೇಯುವವರ ಮನೆಗೆ ಕೂಲಿಗೆ ಹೋಗಿ ನೂಲಿನ ಕಂಡಿಕೆ ಸುತ್ತಿ ಬೆಳೆದವಳು ನಾನು. ನೂಲು ಗಂಟಾಗಬಾರದೆಂದರೆ ಗಂಜಿ ಕುಡಿಸಬೇಕು ಎಂಬುದು ನನಗೆ ಗೊತ್ತಿತ್ತು. ಇವರಿಗೇನು ಗೊತ್ತು ಎಂದು ಒಂದು ದಿನ ಅತ್ತೆ ಸಂತೆಗೆ ಹೋದಾಗ ಎಲ್ಲ ದಾರಕ್ಕೂ ದಪ್ಪಗೆ ಗಂಜಿ ಹಾಕಿ ಒಣಗಿಸಿ ಸುತ್ತಿಟ್ಟೆ. ದಾರಗಳು ಕಡ್ಡಿಯ ಹಾಗೆ ಸೆಟೆದು ನಿಂತವು. ನನಗೋ ಹೆಮ್ಮೆ! ಮಾರನೆಯ ಬೆಳಿಗ್ಗೆ ನೋಡಿದರೆ ಬರೀ ಗಾಳಗಳಿದ್ದವು. ದಾರವನ್ನೆಲ್ಲ ಇಲಿಗಳು ತಿಂದಿದ್ದವು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಸೊಸಿ ಊರಾಗಿನ ಇಲಿಗೆಲ್ಲ ಊಟಕ್ಕ ಹೇಳ್ಯಾಳ ನೋಡ್ರೆವ್ವ," ಎಂದು ಓಣಿಗೆಲ್ಲ ಸಾರಿದರು. ಆಮೇಲೆ ಕೂತು ನನ್ನೊಂದಿಗೆ ಹೊಸ ದಾರ ಹೊಸೆದರು.

ಇನ್ನೊಂದು ತೊಡಕಿತ್ತು. ನಾನು ಎಡಚಿ. ನನ್ನ ಸುತ್ತು ಎಡಕ್ಕೆ ತಿರುಗುತ್ತದೆ, ಅವರದು ಬಲಕ್ಕೆ. ನನ್ನ ದಂಟನ್ನು ಅವರು ಬಿಚ್ಚಿದರೆ, ಅವರದನ್ನು ನಾನು ಬಿಚ್ಚಿದರೆ ದಾರ ಮುರಿಗೊಂಡು ಸುರುಳಿಯಾಗುತ್ತಿತ್ತು. ಬಲಗೈ ರೂಢಿ ಮಾಡಿಸಿ ಎಂದು ನೆರೆಯವರು ಹೇಳಿದರೆ, "ದೇವರು ಕೊಟ್ಟ ಕೈಯಿ. ನಾ ಯಾಕ ತಿದ್ದಲಿ?" ಅಂದರು ಅತ್ತೆ.

ಮರುವರ್ಷ ಮಳೆಗಾಲದಲ್ಲಿ ನನಗೆ ಹೆಣ್ಣು ಕೂಸು ಹುಟ್ಟಿತು. ಸೀಮೆಯಲ್ಲೆಲ್ಲ ಗಲಾಟೆಯ ದಿನಗಳು ಅವು. ಆ ಊರಿಗೆ ಬಂದೂಕಿನವರು ಬಂದರಂತೆ, ಈ ಊರು ಖಾಲಿಯಾಯಿತಂತೆ ಎಂಬ ಸುದ್ದಿಯೇ ದಿನವೂ. ಕೂಸಿಗೆ ಇಪ್ಪತ್ತು ದಿನವಾದಾಗ ಅತ್ತೆ ಒದ್ದೆ ಗಾಳಗಳ ರಾಶಿಯನ್ನು ನನ್ನ ಮುಂದಿಟ್ಟು, "ಕೂತು ಮಾಡೂ ಕೆಲಸ ಐತಿ. ಒಣಗಿದ ಮ್ಯಾಲ ನಾಕು ದಂಟು ಸುತ್ತವ್ವ," ಅಂದರು.

"ಬಾಣಂತೀಗೂ ಬಿಡಂಗಿಲ್ಲೇನ್ರೀ ನೀವು? ನಾನೇನು ಜೀತಕ್ಕ ಬಂದೀನೇನು?" ಎಂದು ಕೂಗಾಡಿದೆ. ಅತ್ತೆ ಎದ್ದು ಹೋದರು. ಸಿಟ್ಟಿನಲ್ಲಿ ನಾನು ಆ ನಾಲ್ಕೂ ದಂಟುಗಳನ್ನು ಒದ್ದೆ ದಾರದಲ್ಲೇ ಅಡ್ಡಾದಿಡ್ಡಿ ಸುತ್ತಿ, ಗಾಳಗಳನ್ನು ಹೇಗೆಂದರೆ ಹಾಗೆ ಚುಚ್ಚಿ ಮೂಲೆಗೆ ಎಸೆದೆ. ಬೇಕಾದರೆ ಬಿಡಿಸಿಕೊಳ್ಳಲಿ ಮುದುಕಿ ಎಂದುಕೊಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಮರುದಿನ ಬೆಳಿಗ್ಗೆಯೇ ಬಂದೂಕಿನವರು ನಮ್ಮೂರ ಕಡೆ ಬರುತ್ತಿದ್ದಾರೆಂಬ ಸುದ್ದಿ ಬಂದು ಊರಿಗೆ ಊರೇ ಹೊಳೆಗೆ ಓಡಿತು. ನಮ್ಮ ಮನೆಯವರು ಹರಿಗೋಲು ತಂದರು. ಅತ್ತೆ ಕೈಗೆ ಸಿಕ್ಕ ಒಂದು ಗಡಿಗೆ, ಒಂದು ಕೌದಿ, ಹುರಿಯ ಉಂಡೆ, ಮೂಲೆಯಲ್ಲಿದ್ದ ದಂಟುಗಳ ಕಟ್ಟನ್ನು ತೆಗೆದುಕೊಂಡರು.

"ಯವ್ವಾ, ಅದನ್ನ ಬಿಡ. ಜೀವ ಉಳಿದ್ರ ಸಾಕು," ಅಂದರು ನನ್ನ ಗಂಡ.

"ಉಳಿದ ಜೀವಕ್ಕ ಹೊಟ್ಟಿ ಇರಂಗಿಲ್ಲೇನು?" ಎಂದು ಅತ್ತೆ ಹತ್ತಿ ಕೂತರು.

ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಡುಹೊಳೆಯಲ್ಲಿ ಹರಿಗೋಲು ಗಿರಗಿರ ತಿರುಗಿತು. ಒಂದು ಕೈಯಲ್ಲಿ ಕೂಸು ಹಿಡಿದು ನೀರಿನತ್ತ ವಾಲಿದ ನನ್ನನ್ನು ಎಳೆದುಕೊಳ್ಳುವಾಗ ಅತ್ತೆಯ ಬಲಗೈ ಅಂಚಿಗೆ ಸಿಕ್ಕಿ ಉಳುಕಿತು. ಆಚೆ ದಂಡೆ ಮುಟ್ಟುವುದರಲ್ಲಿ ಮಣಿಕಟ್ಟು ಬಾತುಕೊಂಡಿತ್ತು.

ಆಚೆ ದಂಡೆಯಲ್ಲಿ ಹುಣಸೆಮರದ ಕೆಳಗೆ ನಮ್ಮಂಥವರೇ ನೂರಾರು ಜನ. ಯಾರೋ ಪುಣ್ಯಾತ್ಮರು ಕೊಟ್ಟ ಹಿಡಿ ನುಚ್ಚಿನಲ್ಲಿ ಎರಡು ದಿನ ಕಳೆಯಿತು. ಮೂರನೆಯ ದಿನ ನನ್ನ ಎದೆಯಲ್ಲಿ ಹಾಲು ಬತ್ತಿತು. ಕೂಸು ಮೊದಲು ಚೀರಿ ಚೀರಿ ಅತ್ತಿತು. ಆಮೇಲೆ ಅಳುವುದನ್ನು ನಿಲ್ಲಿಸಿತು. ಅಳದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ ಮಾತ್ರ ಗೊತ್ತು ಆ ಹೆದರಿಕೆ.

"ಕೊರವ ಮೀನಿನ ಸಾರು ಒಂದ ಬಟ್ಟಲ ಹೊಟ್ಟೀಗೆ ಬಿದ್ರ ಹಾಲು ಇಳೀತೈತಿ," ಅಂದರು ಅತ್ತೆ. ದಂಡೆಯಾಚೆ ಹೊಳೆ ಉಕ್ಕಿ ನಿಂತ ಹಳ್ಳದ ನೀರಿತ್ತು, ಅಂಥಲ್ಲೇ ಕೊರವ ಇರುವುದು. ಆದರೆ ಗಾಳ ಹಾಕುವವರು ಯಾರು? ಗಂಡನ ಚೀಲದೊಳಗಿನ ಗಾಳಗಳು ಮುಷ್ಟಿಗಾತ್ರದ ಒಂದೇ ಗಂಟಾಗಿದ್ದವು. ಆ ಗಂಟಿನ ಮುಂದೆ ಕೂತು ಅವರು ಅಳುವುದೊಂದು ಬಾಕಿ. ಅತ್ತೆಯ ಕೈ ಏಳುತ್ತಿರಲಿಲ್ಲ. ಅವರು ದಂಟುಗಳ ಕಟ್ಟನ್ನು ನನ್ನ ಕಡೆ ಸರಿಸಿದರು. "ನೀನ ಬಿಚ್ಚು. ಅವ ನೀರಿಗೆ ಇಳೀತಾನ, ನೀ ಒಂದೊಂದ ಕೊಡು."

ಕಟ್ಟಿನಲ್ಲಿದ್ದದ್ದು ಬರೀ ನಾಲ್ಕು ದಂಟು. ಆ ಮೂಲೆಯಲ್ಲಿದ್ದವು, ನಾನು ಸುತ್ತಿ ಎಸೆದವು. ಒದ್ದೆ ದಾರ ಮೂರು ದಿನದಲ್ಲಿ ಬಿಗಿದು ಕಲ್ಲಾಗಿರುತ್ತದೆ. ನನ್ನ ಕೂಸಿನ ಬಾಯಿಗೆ ನಾನೇ ಮಣ್ಣು ಹಾಕಿದೆನಲ್ಲ! ಹೇಳಿಬಿಡಬೇಕೆಂದುಕೊಂಡೆ. ಆದರೆ ಗಂಡ ಆಗಲೇ ಸೊಂಟಮಟ್ಟದ ನೀರಿನಲ್ಲಿ ಹುರಿ ಕಟ್ಟಿ, "ಕೊಡು, ಕೊಡು," ಎಂದು ಕೈ ಚಾಚಿದ್ದರು.

ಮೊದಲ ದಂಟು ಕೈಗೆತ್ತಿಕೊಂಡು ಕೊನೆಯ ಗಾಳ ಎಳೆದೆ. ಸರಾಗ ಬಂತು. ದಾರ ನನ್ನ ಎಡಗೈಗೆ ತಾನಾಗಿ ಬಿಚ್ಚಿಕೊಂಡು ಬಂತು, ಒಂದು ಮುರಿಯಿಲ್ಲ. ಎರಡನೆಯದು, ಮೂರನೆಯದು. ಗಾಳದಿಂದ ಗಾಳಕ್ಕೆ ಸರಿಯಾಗಿ ಮೂರು ಬೆರಳು. ದಂಟು ಒಣಗಿತ್ತು, ದಾರ ಒಣಗಿತ್ತು. ಅಳತೆ ಅತ್ತೆಯದು, ಆದರೆ ಸುತ್ತು ಎಡಕ್ಕೆ ತಿರುಗಿತ್ತು. ನಲವತ್ತಕ್ಕೆ ನಲವತ್ತೂ ನನ್ನ ಕೈಗೆ ಹೊಂದುವ ಹಾಗಿದ್ದವು.

ಬಿಸಿಲೇರುವ ಮೊದಲೇ ಎರಡು ಕೊರವ ಬಿದ್ದವು. ಉಪ್ಪಿಲ್ಲ, ಖಾರವಿಲ್ಲ, ಗಡಿಗೆಯಲ್ಲಿ ಬರೀ ಬೇಯಿಸಿ ಮುಳ್ಳು ತೆಗೆದು ಅತ್ತೆ ಎಡಗೈಯಲ್ಲೇ ನನಗೆ ಉಣಿಸಿದರು. ಆ ದಿನವೂ ಉಂಡೆ, ಮರುದಿನವೂ ಉಂಡೆ. ಮರುದಿನ ಸಂಜೆ ಕೂಸು ಎದೆ ಕಚ್ಚಿ ಎಳೆಯಿತು, ಹಾಲಿಳಿಯಿತು. ಆಮೇಲೆ ಇನ್ನೂ ಬೇಕೆಂದು ಅದು ಅತ್ತದ್ದನ್ನು ಕೇಳಿ ನಾವು ಮೂವರೂ ನಕ್ಕೆವು.

ಪೋಲೀಸ್ ಆಕ್ಷನ್ ಆಗಿ, ದಂಡು ಬಂದು, ಎಲ್ಲ ತಣ್ಣಗಾದ ಮೇಲೆ ಅದೇ ಹರಿಗೋಲಿನಲ್ಲಿ ಹಿಂದಿರುಗಿದೆವು. ಹೊಳೆಯ ನಡುವೆ ನಾನು ಕೇಳಿದೆ, "ಅತ್ತೀ, ನಾ ಸುತ್ತಿದ್ದು ಹಂಗ ಇರಲಿಲ್ಲ. ನೀವು ಬಿಚ್ಚಿ ಮತ್ತ ಸುತ್ತೀರಿ. ಬಲಗೈಯವರು ಎಡಕ್ಕ ಯಾಕ ಸುತ್ತಿದ್ರಿ? ಅದು ನಿಮಗ ಎಷ್ಟು ತ್ರಾಸ!"

ಅತ್ತೆ ನೀರನ್ನೇ ನೋಡುತ್ತಿದ್ದರು. "ಗಾಳ ಇದ್ದ ಮನೀಯಾಗ ಕೂಸು ಉಪವಾಸ ಇರಬಾರದವ್ವ. ಎಂಥಾ ದಿನ ಅವು! ನಾ ಇರ್ತೀನೋ ಇಲ್ಲೋ. ನೀನಂತೂ ಇರಬೇಕಿತ್ತು."

"ಯಾವಾಗ ಸುತ್ತಿದ್ರಿ?"

"ಕೂಗಾಡಿ ದಣಿದಿದ್ದೆಲ್ಲ, ಕೂಸಿನ ಬಾಜೂಕ ಹಂಗ ನಿದ್ದಿ ಹೋಗಿದ್ದಿ. ಒಲಿ ಮುಂದ ದಾರ ಒಣಗಿಸಿ ಸುತ್ತಿದೆ," ಅಂದರು ಅತ್ತೆ, "ಆಮ್ಯಾಲ ನಾ ಮಲಗಿದೆ."