ಬಾಗಿಲಿಗೆ ಬಂದವನ ಕಮಿಷನ್

ಆ ಮನುಷ್ಯ ನಮ್ಮ ಮನೆಗೆ ಬಂದಾಗ ಹಾಲ್‌ನ ಗೋಡೆಗಳು ಸೊಂಟದೆತ್ತರಕ್ಕೆ ಬೋಳಾಗಿದ್ದವು. ನ್ಯೂ ಲಿನ್‌ನ ನಮ್ಮ ಬೀದಿಯ ಹಿಂದೆ ಹರಿಯುವ ತೊರೆ ಬೇಸಿಗೆಯ ಒಂದು ಸಂಜೆ ಉಕ್ಕಿ ಮನೆಯೊಳಗೇ ಬಂದಿತ್ತು. ಕಾರ್ಪೆಟ್ ಕಿತ್ತುಹಾಕಿದ್ದರು. ನೆನೆದ ಗೋಡೆಯ ಹಲಗೆಗಳನ್ನು ಕತ್ತರಿಸಿ ಒಯ್ದಿದ್ದರು. ಒಳಗಿನ ಮರದ ಚೌಕಟ್ಟು ಒಣಗಲೆಂದು ಇಟ್ಟ ಯಂತ್ರಗಳು ಹಗಲಿಡೀ ಗುಂಯ್‌ಗುಡುತ್ತಿದ್ದವು. ನಾನು, ನನ್ನ ಗಂಡ, ಮಗಳು, ಮತ್ತು ನಮ್ಮ ಜೊತೆ ಕೆಲವು ತಿಂಗಳಿದ್ದು ಹೋಗಲೆಂದು ಧಾರವಾಡದಿಂದ ಈ ದೇಶಕ್ಕೆ ಬಂದಿದ್ದ ಅತ್ತೆ, ಅಂದರೆ ಗಂಡನ ತಾಯಿ, ಮಹಡಿಯ ಎರಡು ಕೋಣೆಗಳಲ್ಲಿ ದಿನ ದೂಡುತ್ತಿದ್ದೆವು. ಅಡುಗೆಮನೆ ಸ್ವಲ್ಪ ಎತ್ತರದಲ್ಲಿದ್ದುದರಿಂದ ಉಳಿದುಕೊಂಡಿತ್ತು.

ವಿಮಾ ಕಂಪನಿಯವರು ಒಮ್ಮೆ ಬಂದು ನೋಡಿ, ಫೋಟೋ ತೆಗೆದುಕೊಂಡು ಹೋಗಿದ್ದರು. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಸಂಗೀತ, ಸಂಗೀತದ ನಂತರ ‘ಪರಿಶೀಲನೆಯಲ್ಲಿದೆ’ ಎಂಬ ಮಾತು. ನಾನು ಶಿಶುವಿಹಾರದಲ್ಲಿ ಕೆಲಸ ಮಾಡುವವಳು. ಬೇರೆಯವರ ಮಕ್ಕಳಿಗೆ ಊಟ ಹಾಕಿ ಮಲಗಿಸಿ, ಬಿಡುವಿನಲ್ಲಿ ಕಾರಿನಲ್ಲಿ ಕೂತು ಆ ಸಂಗೀತ ಕೇಳುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಹೊಳೆಯುವ ಹಳದಿ ಜಾಕೆಟ್, ಕೈಯಲ್ಲಿ ಟ್ಯಾಬ್ಲೆಟ್. ನಮ್ಮ ದೇಶದವನೇ, ಹಿಂದಿ ಮಾತಾಡುವವನು. ವಿಮಾ ಕಂಪನಿಗಳ ಜೊತೆ ಜನರ ಪರವಾಗಿ ವ್ಯವಹರಿಸುವ ಸಂಸ್ಥೆ ತಮ್ಮದು ಎಂದ. “ನೀವು ಒಬ್ಬರೇ ಹೋದರೆ ಅವರು ಅರ್ಧವೂ ಕೊಡೋದಿಲ್ಲ ಸಿಸ್ಟರ್. ನಾವು ಹೋರಾಡ್ತೀವಿ. ನಿಮಗೆ ಹಣ ಬಂದರೆ ಮಾತ್ರ ನಮ್ಮ ಫೀಸು.” ಬೋಳು ಗೋಡೆಗಳನ್ನು ನೋಡಿ ಅವನು ತಲೆಯಾಡಿಸಿದ ರೀತಿಯಲ್ಲಿ ನನಗೆ ಅಷ್ಟು ದಿನ ಯಾರೂ ತೋರಿಸದ ಮರುಕ ಕಂಡಿತು. ಟ್ಯಾಬ್ಲೆಟ್ ಮೇಲೆ ಬೆರಳಲ್ಲಿ ಸಹಿ ಗೀಚಿದೆ. ಟೀ ಮಾಡಲು ಒಳಗೆ ಹೋದೆ. ಅವನು ಅತ್ತೆ ಕೈಗಿತ್ತ ಟೀ ಕುಡಿದು, ಅವರಿಗೆ ನಮಸ್ಕಾರ ಹೇಳಿ ಹೊರಟ.

ಅದೇ ವಾರ ವಿಮಾ ಕಂಪನಿಯಿಂದ ಇಮೇಲ್ ಬಂತು. ನಾವು ಕೇಳಿದ್ದೆಲ್ಲವನ್ನೂ ಒಪ್ಪಿಕೊಂಡಿದ್ದರು. ನಾನು ಫೋನ್ ಮಾಡಿ ಕೇಳಿದೆ: ನನ್ನ ಪರವಾಗಿ ಯಾರಾದರೂ ನಿಮ್ಮ ಜೊತೆ ಮಾತಾಡಿದ್ದಾರೆಯೇ? ಆ ಹುಡುಗಿ ನೋಡಿ ಹೇಳಿದಳು, ಇಲ್ಲ, ನಿಮ್ಮ ಕಡತದಲ್ಲಿ ನಿಮ್ಮ ಹೆಸರು ಬಿಟ್ಟರೆ ಬೇರೆ ಯಾರದೂ ಇಲ್ಲ.

ಹಣ ಬಂದ ಸ್ವಲ್ಪ ದಿನಕ್ಕೆ ಹಳದಿ ಜಾಕೆಟ್ಟಿನ ಸಂಸ್ಥೆಯ ಬಿಲ್ ಬಂತು. ಬಂದದ್ದರಲ್ಲಿ ಕಾಲು ಭಾಗ, ಅದರ ಮೇಲೆ ಕಡತ ತೆರೆದ ಶುಲ್ಕ, ಅದರ ಮೇಲೆ ತೆರಿಗೆ. ಆ ದುಡ್ಡು ಕೊಟ್ಟರೆ ಕೆಳಗಿನ ಕೋಣೆಗಳಿಗೆ ನೆಲ ಹಾಕಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಆ ಸಂಸ್ಥೆಗೆ ಫೋನ್ ಮಾಡಿದರೆ ಒಬ್ಬ ಹೆಂಗಸು ತಣ್ಣಗೆ ಮಾತಾಡಿದಳು. “ನೀವು ಸಹಿ ಮಾಡಿದ್ದೀರಿ. ಒಪ್ಪಂದ ಒಪ್ಪಂದವೇ.”

“ನೀವು ಏನು ಕೆಲಸ ಮಾಡಿದ್ದೀರಿ ಅಂತ ಹೇಳಿ,” ಎಂದೆ. “ಒಂದು ಫೋನ್? ಒಂದು ಇಮೇಲ್?”

“ನಮ್ಮ ಫೀಸು ಫಲಿತಾಂಶಕ್ಕೆ, ಕೆಲಸಕ್ಕಲ್ಲ. ಕಟ್ಟದಿದ್ದರೆ ವಸೂಲಿಯವರಿಗೆ ಒಪ್ಪಿಸಬೇಕಾಗುತ್ತೆ. ನಿಮ್ಮ ಕ್ರೆಡಿಟ್ ರೆಕಾರ್ಡ್ ಕೆಡುತ್ತೆ.”

ಆ ಕೊನೆಯ ಮಾತು ನನ್ನ ಗಂಡನಿಗೆ ನಾಟಿತು. ನಮ್ಮ ಗೃಹಸಾಲದ ಬಡ್ಡಿದರ ಮತ್ತೆ ನಿಗದಿಯಾಗುವ ಸಮಯ ಹತ್ತಿರ ಬಂದಿತ್ತು. “ಬ್ಯಾಂಕಿನವರು ನೋಡ್ತಾರ,” ಎಂದರು. “ಸಿಟ್ಟು ಮಾಡ್ಕೊಂಡು ಏನ್ ಮಾಡೋದೈತಿ? ಕೊಟ್ಟು ಕೈ ತೊಳಕೊಳ್ಳೋಣು.” ಮಗಳೂ ಫೋನಿನಿಂದ ತಲೆ ಎತ್ತದೆ, “ಜಸ್ಟ್ ಪೇ ದೆಮ್, ಅಮ್ಮ,” ಎಂದಳು.

“ನಾನು ಕೊಡಲ್ಲ,” ಎಂದೆ. ಹೇಳುವಾಗ ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಕೊಡುವುದಿಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಕಾರಣ ಸಿಕ್ಕಿದ್ದು ಲೈಬ್ರರಿಯಲ್ಲಿ. ಅಲ್ಲಿ ಶನಿವಾರ ಉಚಿತವಾಗಿ ಕಾನೂನು ಸಲಹೆ ಕೊಡುವ ಒಂದು ಮೇಜು ಇರುತ್ತದೆ. ಅಂದು ಕೂತಿದ್ದವರು ಬಿಳಿ ಕೂದಲಿನ, ಈ ದೇಶದವರೇ ಆದ ಒಬ್ಬ ಮಹಿಳೆ, ನಿವೃತ್ತ ವಕೀಲೆ. ನನ್ನ ಇಡೀ ಗೋಳನ್ನು ಕೇಳಿ ಅವರು ಕೇಳಿದ್ದು ಎರಡೇ ಪ್ರಶ್ನೆ. ಅವನನ್ನು ನೀವು ಕರೆದಿರೋ, ಅವನಾಗಿ ಬಂದನೋ? ಮನಸ್ಸು ಬದಲಾದರೆ ಕೆಲವು ದಿನಗಳೊಳಗೆ ರದ್ದು ಮಾಡಬಹುದು ಎಂದು ಬಾಯಿಬಿಟ್ಟು ಹೇಳಿದನೋ? ಅವನಾಗಿ ಬಂದ, ಹೇಳಲಿಲ್ಲ, ಎಂದೆ. ಕರೆಯದೆ ಮನೆಗೆ ಬಂದು ವ್ಯಾಪಾರ ಮಾಡುವವರು ಅದನ್ನು ಬರಹದಲ್ಲಿ ಕೊಟ್ಟರಷ್ಟೇ ಸಾಲದು, ಬಾಯಲ್ಲೂ ಹೇಳಬೇಕು, ಇಲ್ಲದಿದ್ದರೆ ಆ ಒಪ್ಪಂದ ಹಿಡಿದು ನಿಮ್ಮಿಂದ ಹಣ ವಸೂಲು ಮಾಡುವಂತಿಲ್ಲ ಎಂದು ಅವರು ವಿವರಿಸಿದರು. ಸಣ್ಣ ವ್ಯಾಜ್ಯಗಳನ್ನು ಕೇಳುವ ಟ್ರಿಬ್ಯೂನಲ್ ಇದೆ, ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ, ನೀವೇ ಮಾತಾಡಬೇಕು ಎಂದೂ ಹೇಳಿದರು. “ಮಾತಾಡ್ತೀರಾ?” ಎಂದು ಕೇಳಿದಾಗ ನನಗೆ ನಗು ಬಂತು. ನಾನು ಅದಕ್ಕೇ ಕಾಯುತ್ತಿದ್ದೆ.

ಅರ್ಜಿ ಹಾಕಿದ ಮೇಲೆ ಸಂಸ್ಥೆಯ ದನಿ ಬದಲಾಯಿತು. ಅದೇ ಹೆಂಗಸು ತಾನಾಗಿ ಫೋನ್ ಮಾಡಿದಳು. ಸೌಹಾರ್ದದಿಂದ ಅರ್ಧಕ್ಕೆ ಮುಗಿಸೋಣ, ಆದರೆ ಈ ವಿಷಯ ಯಾರಿಗೂ ಹೇಳುವುದಿಲ್ಲ, ಎಲ್ಲೂ ಬರೆಯುವುದಿಲ್ಲ ಎಂದು ನೀವು ಸಹಿ ಹಾಕಬೇಕು, ಎಂದಳು.

ನನ್ನ ಗಂಡ ನಿರಾಳರಾಗಿ, “ಒಪ್ಕೊ. ಅರ್ಧಾ ಉಳೀತಲ್ಲ,” ಎಂದರು.

“ಇನ್ನರ್ಧ ಯಾಕ್ರೀ ಕೊಡಬೇಕು? ಬಾಯಿ ಮುಚ್ಚಿಕೊಂಡಿರೋದಕ್ಕೆ ನಾನೇ ಅವರಿಗೆ ದುಡ್ಡು ಕೊಡಬೇಕಾ?”

“ರದ್ದು ಮಾಡಬಹುದಂತ ಅಂವಾ ಹೇಳಲಿಲ್ಲ ಅನ್ನೂದಕ್ಕ ಸಾಕ್ಷಿ ಎಲ್ಲೈತಿ? ಸೋತರ ಪೂರ್ತಿ ಕೊಡಬೇಕಾಗ್ತದ.”

“ಸೋತರೆ ಕೊಡ್ತೀನಿ. ನನ್ನ ಸಂಬಳದಿಂದ ಕೊಡ್ತೀನಿ.”

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನಗೂ ಅವರಿಗೂ ಅಂಥ ಸಲಿಗೆ ಏನೂ ಇರಲಿಲ್ಲ. ನನ್ನ ಸಾರು ಅವರಿಗೆ ಸಿಹಿ, ಅವರ ಖಾರ ನನಗೆ ಬೆಂಕಿ. ಅವರು ಕೈ ನಿಲ್ಲಿಸಿ ಕೇಳಿದರು, “ಅಲ್ಲವಾ, ರದ್ದು ಮಾಡಾಕ ಬರತದೋ ಇಲ್ಲೋ ಅಂತ ಏನ ನಿಮ್ಮ ಜಗಳಾ? ಅದನ್ನ ನಾ ಅವತ್ತ ಕೇಳೇನಲ್ಲ ಅಂವನ್ನ.”

ನಾವಿಬ್ಬರೂ ಅವರತ್ತ ತಿರುಗಿದೆವು.

“ನೀ ಚಹಾ ಮಾಡಾಕ ಹೋದಿ. ನಾ ನನ್ನ ಹರಕು ಮುರಕು ಹಿಂದಿ ಒಳಗ ಕೇಳಿದೆ, ಮಗಾ ಸಂಜಿಕೆ ಬಂದು ಬ್ಯಾಡ ಅಂದ್ರ ಏನ ಮಾಡೋದಪಾ ಅಂತ. ಅಂವಾ ನಕ್ಕ. ಇನ್ನೇನೂ ಮಾಡಾಕ ಬರೂದಿಲ್ಲ ಆಂಟಿ, ಸಹಿ ಆತಲ್ಲ, ಅಂದ.”

“ಅತ್ತೆ, ಇದನ್ನ ಯಾಕೆ ಹೇಳಲಿಲ್ಲ ನೀವು?”

“ಯಾರ ಕೇಳಿದ್ರಿ ನನ್ನ?”

ವಿಚಾರಣೆಯ ಕೋಣೆ ನನ್ನ ಗಂಡನ ಆಫೀಸಿನ ಮೀಟಿಂಗ್ ರೂಮಿನಂತಿತ್ತು. ಕರಿ ಕೋಟು ಇಲ್ಲ, ಕಟಕಟೆ ಇಲ್ಲ. ಉದ್ದ ಮೇಜಿನ ತಲೆಗೆ ತೀರ್ಪು ಕೊಡುವ ರೆಫರಿ, ಕನ್ನಡಕ ಹಾಕಿದ ಮೆಲುದನಿಯ ಗಂಡಸು. ಒಂದು ಕಡೆ ನಾನು ಮತ್ತು ಅತ್ತೆ. ಎದುರಿಗೆ ಫೋನಿನ ಆ ತಣ್ಣನೆಯ ದನಿಯ ಹೆಂಗಸು, ಬೂದು ಬಣ್ಣದ ಸೂಟಿನಲ್ಲಿ. ಅತ್ತೆಗೆ ಕನ್ನಡದ ಅನುವಾದಕಿ ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿದ್ದಳು. ನಮ್ಮ ಮನೆಗೆ ಬಂದಿದ್ದ ಹಳದಿ ಜಾಕೆಟ್ಟಿನ ಏಜೆಂಟನೂ ಅದೇ ಕರೆಯಲ್ಲಿ ಬಂದ.

ತಾನು ಎಲ್ಲರಿಗೂ ಹೇಳುವಂತೆ ಇವರಿಗೂ ರದ್ದು ಮಾಡುವ ಹಕ್ಕಿನ ಬಗ್ಗೆ ಹೇಳಿದ್ದೆ ಎಂದ ಅವನು. ಅವನು ಹೇಳಲೇ ಇಲ್ಲ ಎಂದೆ ನಾನು. ಸೂಟಿನ ಹೆಂಗಸು, ಷರತ್ತುಗಳ ಕೊನೆಯ ಪುಟದಲ್ಲಿ ಅದು ಇದೆ, ಓದದಿರುವುದು ಗ್ರಾಹಕರ ತಪ್ಪು ಎಂದಳು. ಆಮೇಲೆ ರೆಫರಿ ಅತ್ತೆಯನ್ನು ಕೇಳಿದರು. ಅತ್ತೆ ಹೇಳಿದರು, ಅನುವಾದಕಿ ಇಂಗ್ಲಿಷಿಗೆ ತಿರುಗಿಸಿದಳು.

ಏಜೆಂಟ್ ತಕ್ಷಣ, “ಆ ಮುದುಕಿಯ ಜೊತೆ ನಾನು ಮಾತೇ ಆಡಿಲ್ಲ. ಅವರಿಗೆ ಇಂಗ್ಲಿಷ್ ಬರೋದಿಲ್ಲ,” ಎಂದ.

ಅನುವಾದಕಿ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಫೋನಿನತ್ತ ಬಾಗಿದರು. ಕನ್ನಡವನ್ನೂ ಬಿಟ್ಟರು, ಅನುವಾದಕಿಯನ್ನೂ ಬಿಟ್ಟರು. ನೇರ ಹಿಂದಿಯಲ್ಲಿ, ಕ್ರಿಯಾಪದಗಳೆಲ್ಲ ತಪ್ಪುತಪ್ಪಾಗಿ, “ಯಾಕಪ್ಪಾ ಮಗನೇ, ನನ್ನ ಕೈಯಿಂದ ಟೀ ತಗೊಂಡೆ, ನಿಮ್ಮಮ್ಮ ಕಾನ್ಪುರದಲ್ಲಿದ್ದಾಳೆ ಅಂತ ಹೇಳಿದೆ, ಅವಳ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆ. ಮಾತೇ ಆಡಲಿಲ್ಲ ಅಂತೀಯಲ್ಲ,” ಎಂದರು.

ಅನುವಾದಕಿ, ಹಿಂದಿಯನ್ನು ಅನುವಾದಿಸಲು ತನಗೆ ಅನುಮತಿ ಇಲ್ಲ ಎಂದು ಸಂಕೋಚದಿಂದ ಹೇಳಿದಳು. ರೆಫರಿ ಕೈಯೆತ್ತಿ ಎಲ್ಲರನ್ನೂ ತಡೆದು ಏಜೆಂಟನನ್ನೇ ಕೇಳಿದರು, ಈಗ ಆಕೆ ಏನೆಂದರು, ನೀವೇ ಇಂಗ್ಲಿಷಿನಲ್ಲಿ ಹೇಳಿ. ಅವನು ಹೇಳಿದ. ಕಾನ್ಪುರವನ್ನೂ ಮೊಣಕಾಲನ್ನೂ ಬಿಡದೆ ಹೇಳಿದ. ರೆಫರಿ ಮತ್ತೆ ಕೇಳಿದರು: ರದ್ದು ಮಾಡಲು ಬರುವುದಿಲ್ಲ ಎಂದು ಆಕೆಗೆ ಹೇಳಿದ್ದಿರಾ?

“ಹಾಗೇನಾದರೂ ಅಂದಿರಬಹುದು. ನೆನಪಿಲ್ಲ,” ಎಂದ.

ಸೂಟಿನ ಹೆಂಗಸು ತನ್ನ ಪೆನ್ನಿನ ಕ್ಯಾಪ್ ಮುಚ್ಚಿದಳು.

ತೀರ್ಪು ಇಮೇಲ್‌ನಲ್ಲಿ ಬರುವ ಹೊತ್ತಿಗೆ ಅತ್ತೆ ಊರಿಗೆ ಮರಳಿದ್ದರು. ಒಪ್ಪಂದ ಜಾರಿ ಮಾಡುವಂತಿಲ್ಲ, ನಾನು ಅವರಿಗೆ ಏನನ್ನೂ ಕೊಡಬೇಕಿಲ್ಲ. ಫೋನಿನಲ್ಲಿ ಓದಿ ಹೇಳಿದೆ. ಅತ್ತೆ, “ಆ ಹುಡುಗನ ನೌಕರಿ ಹೋಗಿರಬೇಕೇನು ಪಾಪ,” ಎಂದರು.

“ಗೊತ್ತಿಲ್ಲ ಅತ್ತೆ,” ಎಂದೆ. ಅವರ ಮರುಕ ನನಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಒದ್ದೆ ಮನೆಗಳನ್ನು ಹುಡುಕಿಕೊಂಡು ಬೀದಿ ಬೀದಿ ಅಲೆದವನು ಅವನು.

ಯುಗಾದಿಯ ಕೂಟಕ್ಕೆ ನಮ್ಮವರೆಲ್ಲ ಸೇರಿದಾಗ ಒಂದು ಸಭಾಂಗಣದ ಊಟದ ಸಾಲಿನಲ್ಲಿ ನಾನು ಈ ಕಥೆಯನ್ನು ಹೇಳತೊಡಗಿದೆ. ಗಂಡ ನನ್ನ ಮೊಣಕೈ ಮುಟ್ಟಿ, “ಇಲ್ಲಿ ಬ್ಯಾಡ,” ಎಂದರು. ಊರಿನ ಇನ್ನೊಂದು ತುದಿಯ ಬಾಟನಿ ಡೌನ್ಸ್‌ನಿಂದ ಬಂದಿದ್ದ ಒಬ್ಬ ಹಿರಿಯರು, “ಬಿಡಮ್ಮ, ನಿಂದು ಬಗೆಹರೀತಲ್ಲ, ಸುಮ್ನೆ ಯಾಕೆ ಅವರ ಕಣ್ಣಿಗೆ ಬೀಳ್ತೀಯ,” ಎಂದು ಬುದ್ಧಿ ಹೇಳಿದರು. ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಬ್ಬ ಹೆಂಗಸು ತಟ್ಟೆ ಹಿಡಿದುಕೊಂಡೇ ಮುಂದೆ ಬಂದಳು. ಗುರುತಿಲ್ಲದವಳು. ಹ್ಯಾಮಿಲ್ಟನ್‌ನಲ್ಲಿರುವ ತನ್ನ ಅಕ್ಕನ ಮನೆಗೂ ನೀರು ನುಗ್ಗಿತ್ತು, ಅವಳೂ ಅದೇ ಸಂಸ್ಥೆಗೆ ಸಹಿ ಮಾಡಿಕೊಟ್ಟಿದ್ದಾಳೆ, ಬಿಲ್ಲು ಬಂದಿದೆ ಎಂದಳು.

“ಕಟ್ಟಿದ್ದಾರಾ?” ಎಂದು ಕೇಳಿದೆ.

“ಇಲ್ಲ, ಮುಂದಿನ ವಾರ ಕಟ್ಟಬೇಕಂತೆ.”

“ನಂಬರ್ ಕೊಡಿ,” ಎಂದೆ. ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ಹೋಳಿಗೆ ಬಡಿಸುವವರು ಕಾಯುತ್ತಿದ್ದಂತೆಯೇ ಅಲ್ಲಿಂದಲೇ ಫೋನ್ ಮಾಡಿದೆ.